ಮುಖಚಿತ್ರಕ್ಕೆ ಎಣ್ಣೆಬಣ್ಣವೋ, ಜಲವರ್ಣವೋ?

ಕಣ್ಣು, ಮೂಗು ಅಳತೆಗೆ ಸರಿಯಾಗಿ ಕೂತರೂ "ಅಜ್ಜಿ ಥರ ಇಲ್ಲವಲ್ಲ" ಅನ್ನಿಸಿಕೊಳ್ಳುವ ಚಿತ್ರಗಳೇ ಹೆಚ್ಚು. ಎಡವಟ್ಟಾಗುವುದು ಸಾಮಾನ್ಯವಾಗಿ ತುಟಿಯ ಕೊನೆಯಲ್ಲಿ, ಕೆಳರೆಪ್ಪೆಯಲ್ಲಿ. ಕೂದಲೆಳೆಯಷ್ಟು ಆಚೀಚೆಯಾದರೂ ನಗು ಹೋಗಿ ಕೊಂಕು ಬರುತ್ತದೆ.

ಎಣ್ಣೆಬಣ್ಣ ಇಲ್ಲಿ ಉದಾರಿ. ಒಣಗಲು ದಿನಗಟ್ಟಲೆ ಬೇಕು. ಅಷ್ಟರೊಳಗೆ ತುಟಿಯಂಚನ್ನು ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು, ನೆರಳನ್ನು ಕೆನ್ನೆಯೊಳಗೆ ಕರಗಿಸಬಹುದು. ಲಿಯೊನಾರ್ಡೊನ ಮೋನಾಲಿಸಾ ನಗುತ್ತಿದ್ದಾಳೋ ಇಲ್ಲವೋ ಎಂದು ನಾವು ತಡವರಿಸುವುದು ಹೀಗೆ ಕರಗಿಸಿದ ಅಂಚುಗಳಿಂದಲೇ. ಆದರೆ ತಿದ್ದುವ ಚಟ ಕೆಟ್ಟದ್ದು. ತಿದ್ದಿ ತಿದ್ದಿ ನಾನೇ ಎಷ್ಟೋ ಮುಖಗಳನ್ನು ಮೇಣದ ಗೊಂಬೆ ಮಾಡಿಟ್ಟಿದ್ದೇನೆ.

ಜಲವರ್ಣದಲ್ಲಿ ಬೆಳಕೆಂದರೆ ಖಾಲಿ ಬಿಟ್ಟ ಕಾಗದ. ಕಣ್ಣಿನ ಹೊಳಪಿನ ಚುಕ್ಕೆ ಮುಚ್ಚಿಹೋಯಿತೋ, ಕೆಲಸ ಕೆಟ್ಟಂತೆ. ಹಾಗಂತ ಹಗುರವಾಗಿ ಕಾಣಬೇಡಿ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಮಹಿಳೆಯ ಚಿತ್ರ ಜಲವರ್ಣವೇ. ಅನೇಕರು ರವಿವರ್ಮನದೆಂದುಕೊಳ್ಳುತ್ತಾರೆ, ಬರೆದವರು ಎಸ್.ಎಲ್. ಹಲ್ದಂಕರ್. ಬೆರಳ ಸಂದಿಯ ಆ ಕೆಂಪು ನೋಡಿ.

ಮೊದಲ ಮುಖವಾದರೆ ನನ್ನ ಮತ ಎಣ್ಣೆಗೆ. ಎದುರು ಕೂತವರು ಅರ್ಧ ಗಂಟೆಗೇ ಎದ್ದುಹೋಗುವವರಾದರೆ ಮಾತ್ರ ಜಲವರ್ಣ ತೆಗೆಯಿರಿ.