ತಾಜಾ ಕ್ರ್ಯಾನ್‌ಬೆರಿ, 12 ಔನ್ಸಿನ ಚೀಲ: ಹಬ್ಬವಿಲ್ಲದ ವರ್ಷದ ಒಂದು ಹಬ್ಬಕ್ಕೆ

ನವೆಂಬರ್ ಬಂತೆಂದರೆ ಅಮೆರಿಕದ ನ್ಯೂಜೆರ್ಸಿಯ ದಿನಸಿ ಅಂಗಡಿಗಳ ತರಕಾರಿ ಸಾಲಿನಲ್ಲಿ ತಾಜಾ ಕ್ರ್ಯಾನ್‌ಬೆರಿಯ ಚೀಲಗಳು ರಾಶಿ ಬೀಳುತ್ತವೆ. ಒಂದು ಚೀಲದಲ್ಲಿ 12 ಔನ್ಸ್, ಅಂದರೆ ಸುಮಾರು 340 ಗ್ರಾಂ ಹಣ್ಣಿರುತ್ತದೆ. ಅಳೆದರೆ ಮೂರು ಕಪ್ ಆಗುತ್ತದೆ. ಥ್ಯಾಂಕ್ಸ್‌ಗಿವಿಂಗ್ ಎಂಬ ಇಲ್ಲಿನ ಹಬ್ಬದ ದಿನ ಟರ್ಕಿ ಕೋಳಿಯ ಜೊತೆ ಬಡಿಸುವ ಸಿಹಿ ಸಾಸ್‌ಗೆ ಬೇಕಾಗುವ ಹಣ್ಣು ಇದು, ಸಸ್ಯಾಹಾರಿಗಳಾದ ನಮಗೆ ಇದರಿಂದ ಏನಾಗಬೇಕು ಎಂದುಕೊಂಡು, ಇಲ್ಲಿಗೆ ಬಂದ ಒಂಬತ್ತು ವರ್ಷಗಳಲ್ಲಿ ನಾನು ಒಮ್ಮೆಯೂ ಅದನ್ನು ಕೈಗೆತ್ತಿಕೊಂಡಿರಲಿಲ್ಲ. ಈ ವರ್ಷ, 2020ರಲ್ಲಿ, ಒಮ್ಮೆಗೇ ಆರು ಚೀಲ ಕೊಂಡೆ. ಹಣ್ಣಿನ ಗುಣವನ್ನೂ ಅದು ನಮ್ಮ ಅಡುಗೆಮನೆಗೆ ಬಂದ ಕಾರಣವನ್ನೂ ಬಿಡಿಸಿ ಹೇಳುವುದು ನನ್ನಿಂದ ಆಗದು. ಎರಡನ್ನೂ ಸೇರಿಸಿಯೇ ಬರೆಯುತ್ತೇನೆ.

ಜೂನ್ ತಿಂಗಳಲ್ಲಿ ನಮ್ಮೂರು ಸಾಗರದಲ್ಲಿ ತಂದೆ ತೀರಿಕೊಂಡರು. ಕೊರೊನಾದಿಂದಾಗಿ ಮಾರ್ಚ್ ಕೊನೆಯಿಂದಲೇ ಭಾರತಕ್ಕೆ ನಿತ್ಯದ ವಿಮಾನಗಳು ನಿಂತಿದ್ದವು. ವಿಶೇಷ ವಿಮಾನದಲ್ಲಿ ಜಾಗ ಸಿಕ್ಕಿ, ಇಳಿದ ಮೇಲೆ ಕ್ವಾರಂಟೈನ್ ಮುಗಿಸಿ, ಮನೆ ಮುಟ್ಟುವಷ್ಟರಲ್ಲಿ ಹದಿಮೂರನೆಯ ದಿನವೂ ಕಳೆದಿರುತ್ತಿತ್ತು. ಕ್ರಿಯೆಗಳನ್ನೆಲ್ಲ ತಮ್ಮನೇ ಮಾಡಿದ. ನಾನು ಫೋನಿನ ಪರದೆಯಲ್ಲಿ ನೋಡಿದೆ. ತಂದೆ ಹೋದ ಮೇಲೆ ವರ್ಷಾಂತಿಕದವರೆಗೆ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ. ಹೀಗಾಗಿ ಗೌರಿ-ಗಣೇಶ, ನವರಾತ್ರಿ, ದೀಪಾವಳಿ ಮೂರೂ ಸುಮ್ಮನೆ ಬಂದು ಹೋದವು. ಥ್ಯಾಂಕ್ಸ್‌ಗಿವಿಂಗ್ ದಿನ ಪ್ರತಿವರ್ಷವೂ ನಮ್ಮನ್ನು ಊಟಕ್ಕೆ ಕರೆಯುತ್ತಿದ್ದ, ಎಂಬತ್ತು ದಾಟಿದ ಪಕ್ಕದ ಮನೆಯ ಅಜ್ಜಿ ಈ ಸಲ ಕರೆಯುವ ಹಾಗಿರಲಿಲ್ಲ. ಮನೆಯೊಳಗೆ ಹತ್ತು ಜನರಿಗಿಂತ ಹೆಚ್ಚು ಸೇರಬಾರದೆಂದು ರಾಜ್ಯ ಸರ್ಕಾರ ನಿಯಮ ಮಾಡಿತ್ತು. ನಾವು ಅಷ್ಟು ಜನ ಇಲ್ಲವಾದರೂ ಅವರ ವಯಸ್ಸನ್ನು ನೆನೆದು ನಾವೇ ಬೇಡವೆಂದೆವು. ಇದನ್ನೆಲ್ಲ ಅಮ್ಮನಿಗೆ ಹೇಳುತ್ತಿದ್ದಾಗ, ಅದು ಯಾವ ದೇವರ ಹಬ್ಬ ಎಂದು ಕೇಳಿದರು. ದೇವರ ಪೂಜೆ, ನೈವೇದ್ಯ ಏನೂ ಇಲ್ಲ, ಒಟ್ಟಿಗೆ ಕೂತು ಉಣ್ಣುವುದು, ಉಪಕಾರ ಮಾಡಿದವರನ್ನು ನೆನೆಯುವುದು, ಅಷ್ಟೇ ಎಂದೆ. “ನೆನೆಯುವುದಕ್ಕೆ ಯಾವ ಅಡ್ಡಿ ಇದೆಯೋ? ಮಾಡಿ” ಎಂದರು.

ನವೆಂಬರ್ ತಿಂಗಳ ನಾಲ್ಕನೆಯ ಗುರುವಾರದ ಈ ದಿನಕ್ಕೆ ಕಷ್ಟದ ವರ್ಷಗಳು ಹೊಸದಲ್ಲ. 1621ರಲ್ಲಿ ಇಂದಿನ ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್‌ನಲ್ಲಿ ಈ ಹಬ್ಬದ ಮೂಲವೆಂದು ಹೇಳುವ ಸುಗ್ಗಿಯ ಊಟಕ್ಕೆ ಕೂತ ಇಂಗ್ಲಿಷ್ ವಲಸಿಗರು, ಹಿಂದಿನ ಚಳಿಗಾಲದಲ್ಲಿ ತಮ್ಮ ಹಡಗಿನಲ್ಲಿ ಬಂದ 102 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಕಳೆದುಕೊಂಡಿದ್ದರು. ಅವರ ಜೊತೆ ಉಂಡ, ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರಿಗೆ ಮುಂದೆ ಒದಗಿದ ನಷ್ಟವನ್ನು ನೆನೆದು, 1970ರಿಂದ ಅದೇ ಊರಿನಲ್ಲಿ ಅದೇ ಗುರುವಾರ ಮೂಲನಿವಾಸಿಗಳು ಶೋಕದಿನ ಆಚರಿಸುತ್ತಾರೆ. ಇದನ್ನು ಬಿಟ್ಟು ಹಬ್ಬದ ಮಾತಾಡುವುದು ಸರಿಯಲ್ಲ. ಇಡೀ ದೇಶ ಒಂದೇ ದಿನ ಇದನ್ನು ಆಚರಿಸಬೇಕೆಂದು ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ವರ್ಷಗಟ್ಟಲೆ ಪತ್ರ ಬರೆದರು. ಅಮೆರಿಕದ ಅಧ್ಯಕ್ಷ ಲಿಂಕನ್ ಅದಕ್ಕೆ ಒಪ್ಪಿ ಘೋಷಣೆ ಹೊರಡಿಸಿದ್ದು 1863ರ ಅಕ್ಟೋಬರ್ 3ರಂದು, ಅಂತರ್ಯುದ್ಧದ ನಡುವೆ, ಗೆಟಿಸ್‌ಬರ್ಗ್ ಕದನ ಮುಗಿದು ಮೂರು ತಿಂಗಳಿಗೆ. ಆ ವರ್ಷವೂ ಎಷ್ಟೋ ಮನೆಗಳ ಊಟದ ಮೇಜಿನಲ್ಲಿ ಒಂದು ಜಾಗ ಖಾಲಿ ಇದ್ದಿರಬೇಕು.

ಇನ್ನು ಹಣ್ಣಿನ ವಿಷಯ. ಕ್ರ್ಯಾನ್‌ಬೆರಿ ಈ ನೆಲದ್ದೇ ಬೆಳೆ. ವಾಂಪನೋಗ್ ಮುಂತಾದ ಮೂಲನಿವಾಸಿಗಳು ಅದನ್ನು ಆಹಾರಕ್ಕೂ ಬಣ್ಣಕ್ಕೂ ಔಷಧಿಗೂ ಬಳಸುತ್ತಿದ್ದರು. ಇಂದು ಅರ್ಧಕ್ಕಿಂತ ಹೆಚ್ಚು ಬೆಳೆ ಬರುವುದು ವಿಸ್ಕಾನ್ಸಿನ್ ರಾಜ್ಯದಿಂದ. ನಮ್ಮ ರಾಜ್ಯದ ದಕ್ಷಿಣದ ಪೈನ್ ಬ್ಯಾರೆನ್ಸ್ ಕಾಡಿನ ಜವುಗು ನೆಲದಲ್ಲಿಯೂ ಹಳೆಯ ತೋಟಗಳಿವೆ. ನೀರು ನಿಲ್ಲಿಸಿ, ತೇಲುವ ಹಣ್ಣನ್ನು ಒಟ್ಟುಗೂಡಿಸುವ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಅದು ಹೆಚ್ಚಾಗಿ ರಸಕ್ಕೂ ಸಾಸ್‌ಗೂ ಹೋಗುವ ಬೆಳೆ. ಚೀಲದಲ್ಲಿ ತಾಜಾ ಮಾರುವ ಹಣ್ಣನ್ನು ಒಣ ನೆಲದಲ್ಲಿಯೇ, ಬಾಚಣಿಗೆಯಂಥ ಹಲ್ಲುಗಳಿರುವ ಯಂತ್ರದಿಂದ ಕೀಳುತ್ತಾರೆ. ಹಣ್ಣಿನೊಳಗೆ ಗಾಳಿಯ ಪುಟ್ಟ ಕೋಣೆಗಳಿರುವುದರಿಂದ ಗಟ್ಟಿ ಹಣ್ಣು ಚೆಂಡಿನಂತೆ ಪುಟಿಯುತ್ತದೆ, ಕೆಟ್ಟದ್ದು ಬಿದ್ದಲ್ಲೇ ಕೂರುತ್ತದೆ. ಮರದ ಕಾಲಿನಿಂದಾಗಿ ಮೆಟ್ಟಿಲಿಳಿಯಲಾರದ ನ್ಯೂಜೆರ್ಸಿಯ ಒಬ್ಬ ಬೆಳೆಗಾರ ಹಣ್ಣನ್ನು ಮೆಟ್ಟಿಲ ಮೇಲಿಂದ ಸುರಿಯುತ್ತಿದ್ದಾಗ, ಒಳ್ಳೆಯವು ಪುಟಿದು ಕೆಳಗಿಳಿದು ಕೆಟ್ಟವು ಮೇಲೇ ಉಳಿಯುವುದನ್ನು ಕಂಡುಕೊಂಡನೆಂಬ ಕಥೆ ಇಲ್ಲಿ ಪ್ರಚಲಿತವಾಗಿದೆ. ನನ್ನ ಮಗಳು ಆರೂ ಚೀಲಗಳನ್ನು ಊಟದ ಮೇಜಿನ ಮೇಲೆ ಹೀಗೆ ಪುಟಿಸಿಯೇ ಆರಿಸಿದಳು. ಚೀಲಕ್ಕೆ ಏಳೆಂಟು ಮೆತ್ತನೆಯವು ಸಿಕ್ಕವು. ಇಷ್ಟು ಅಗ್ಗದ ಹಣ್ಣಿಗೆ ಅದು ದೂರುವ ಸಂಗತಿಯಲ್ಲ.

ಹಸಿಯಾಗಿ ತಿಂದರೆ ಕಣ್ಣು ಮುಚ್ಚಿಸುವ ಹುಳಿ, ಅದರ ಹಿಂದೆಯೇ ಒಗರು. ವಿಡಿಯೋದಲ್ಲಿ ಕಂಡ ಕೂಡಲೇ ಅಮ್ಮ, “ಇದು ನಮ್ಮ ಕವಳಿಕಾಯಿ ಇದ್ದ ಹಾಗೇ ಇದೆಯಲ್ಲೋ, ಗೊಜ್ಜು ಮಾಡು” ಎಂದರು. ಆ ಒಂದು ಮಾತಿನಿಂದ ನನ್ನ ಒಂಬತ್ತು ವರ್ಷದ ಅನುಮಾನ ಕಳೆಯಿತು. ಚೀಲದ ಹಿಂದೆ ಸಾಮಾನ್ಯವಾಗಿ ಅಚ್ಚಾಗಿರುವ ವಿಧಾನ ಒಂದು ಕಪ್ ನೀರು, ಒಂದು ಕಪ್ ಸಕ್ಕರೆ, ಹತ್ತು ನಿಮಿಷದ ಕುದಿ. ನೀರನ್ನೂ ಸಮಯವನ್ನೂ ಹಾಗೆಯೇ ಇಟ್ಟುಕೊಂಡು, ಸಕ್ಕರೆಯ ಬದಲು ಅದರ ಅರ್ಧದಷ್ಟು ಬೆಲ್ಲ, ಉಪ್ಪು, ಎರಡು ಚಮಚ ಸಾರಿನ ಪುಡಿ ಹಾಕಿದೆ. ಕೊನೆಗೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟೆ. ಕುದಿ ಬರುತ್ತಿದ್ದಂತೆ ಹಣ್ಣುಗಳು ಒಂದೊಂದಾಗಿ ಟಪ್ ಟಪ್ ಎಂದು ಒಡೆಯುತ್ತವೆ, ಆದ್ದರಿಂದ ಪಾತ್ರೆಗೆ ಮುಚ್ಚಳ ಇರಲಿ. ಗಮನಿಸಬೇಕಾದ ಇನ್ನೊಂದು ಸಂಗತಿ, ಈ ಹಣ್ಣಿನಲ್ಲಿ ಪಾಕವನ್ನು ಗಟ್ಟಿ ಮಾಡುವ ಪೆಕ್ಟಿನ್ ಎಂಬ ಅಂಶ ಹೇರಳವಾಗಿದೆ. ಒಲೆಯ ಮೇಲೆ ತೆಳ್ಳಗೆ ಕಂಡ ಗೊಜ್ಜು ಆರಿದ ಮೇಲೆ ಹಲ್ವದಂತೆ ಗಟ್ಟಿಯಾಗುತ್ತದೆ. ನನ್ನ ಮೊದಲ ಪಾಕವನ್ನು ಚಮಚದಿಂದ ಕೊಯ್ದು ಬಡಿಸಬೇಕಾಯಿತು. ಎರಡನೆಯದನ್ನು ಸಾರಿಗಿಂತ ತುಸು ಮಂದವಿರುವಾಗಲೇ ಇಳಿಸಿದೆ, ಸರಿಯಾಯಿತು. ಬಿಸಿ ಅನ್ನಕ್ಕೆ, ದೋಸೆಗೆ, ಮೊಸರನ್ನದ ಪಕ್ಕಕ್ಕೆ ಎಲ್ಲಕ್ಕೂ ಒಪ್ಪುತ್ತದೆ. ಹುಣಸೆಯಲ್ಲಿಲ್ಲದ ಒಂದು ಕಂಪು ಇದರಲ್ಲಿದೆ, ಆ ಕೆಂಪು ಬಣ್ಣವನ್ನಂತೂ ನಾನು ಬೇರೆ ಯಾವ ಗೊಜ್ಜಿನಲ್ಲಿಯೂ ಕಂಡಿಲ್ಲ. ಅಪ್ಪೆಹುಳಿಯನ್ನೂ ಪ್ರಯತ್ನಿಸಿದೆ. ಒಗರು ಮುಂದೆ ಬರುತ್ತದೆ, ಮಾವಿನಕಾಯಿಯ ಹದ ಸಿಗುವುದಿಲ್ಲ. ಅದಕ್ಕೆ ಈ ಹಣ್ಣನ್ನು ಶಿಫಾರಸು ಮಾಡಲಾರೆ.

ಮೂರು ಚೀಲದಿಂದ ಆದ ಗೊಜ್ಜನ್ನು ಏಳು ಬಾಟಲಿಗಳಿಗೆ ತುಂಬಿದೆವು. ಒಂದನ್ನು ಅಜ್ಜಿಯ ಬಾಗಿಲಲ್ಲಿಟ್ಟು ಗಂಟೆ ಒತ್ತಿ ಹಿಂದೆ ಸರಿದು ನಿಂತೆವು. ಅವರು ಕಿಟಕಿಯಿಂದ ಕೈಬೀಸಿ, ಸಂಜೆ ನಮ್ಮ ಬಾಗಿಲಿಗೆ ಕುಂಬಳಕಾಯಿ ಪೈ ಕಳುಹಿಸಿದರು. ಮೇಲಿನ ಮಹಡಿಯಲ್ಲಿರುವ, ಏಪ್ರಿಲ್ ತಿಂಗಳಿಡೀ ಆಸ್ಪತ್ರೆಯಿಂದ ಬಂದು ತನ್ನ ಮಕ್ಕಳನ್ನೇ ದೂರವಿಟ್ಟು ಮಲಗುತ್ತಿದ್ದ ನರ್ಸ್‌ಗೆ ಎರಡು. ಉಳಿದವು ಲಾಕ್‌ಡೌನ್ ದಿನಗಳಲ್ಲಿ ನಮಗೆ ಅಕ್ಕಿ, ಔಷಧಿ ತಂದುಕೊಟ್ಟ ಗೆಳೆಯರ ಮನೆಗಳಿಗೆ. ಊಟವಾದ ಮೇಲೆ, ಅಲ್ಲಿ ಬೆಳಗಾಗುವುದನ್ನು ಕಾದು, ಸಾಗರಕ್ಕೆ ಫೋನು ಮಾಡಿದೆ. ಅಂತ್ಯಕ್ರಿಯೆಗೆ 20 ಜನರಿಗಿಂತ ಹೆಚ್ಚು ಸೇರುವಂತಿಲ್ಲದ, ಹತ್ತಿರ ಬರಲು ಜನ ಹೆದರುತ್ತಿದ್ದ ಆ ದಿನಗಳಲ್ಲಿ ನನ್ನ ತಂದೆಗೆ ಹೆಗಲು ಕೊಟ್ಟ ನಾಲ್ವರಲ್ಲಿ ಒಬ್ಬೊಬ್ಬರೊಡನೆಯೂ ಮಾತಾಡಿದೆ. ಐದು ತಿಂಗಳಿನಿಂದ ಮಾಡಬೇಕೆಂದಿದ್ದು, ಮಾತು ಹೊರಡದೆ ಉಳಿದುಹೋಗಿದ್ದ ಕರೆಗಳವು.

ಕೊಳ್ಳುವವರಿಗೆ ಇಷ್ಟು ಹೇಳಬಹುದು. ಚೀಲವೊಂದಕ್ಕೆ ನಾನು ಕೊಟ್ಟದ್ದು ಮೂರು ಡಾಲರಿಗಿಂತ ಕಡಿಮೆ. ಹೊಸ ವರ್ಷ ಕಳೆದರೆ ತಾಜಾ ಹಣ್ಣು ಸಿಗುವುದು ಕಷ್ಟ. ಆದರೆ ಫ್ರಿಜ್ಜಿನಲ್ಲಿ ಕೆಲವು ವಾರ, ಫ್ರೀಜರಿನಲ್ಲಿ ಹಲವು ತಿಂಗಳು ಕೆಡದೆ ಇರುತ್ತದೆ, ಕರಗಿಸದೆ ನೇರವಾಗಿ ಒಲೆಗೆ ಹಾಕಬಹುದು. ಉಪ್ಪಿನಕಾಯಿಗೆ ಮಾತ್ರ ಹಣ್ಣನ್ನು ಎರಡು ಹೋಳು ಮಾಡಲೇಬೇಕು, ಇಲ್ಲದಿದ್ದರೆ ದಪ್ಪ ಸಿಪ್ಪೆಯೊಳಗೆ ಉಪ್ಪು ಇಳಿಯುವುದಿಲ್ಲ. ನಮ್ಮ ಫ್ರೀಜರಿನಲ್ಲಿ ಇನ್ನೂ ಎರಡು ಚೀಲಗಳಿವೆ. ವರ್ಷಾಂತಿಕದ ಹೊತ್ತಿಗೆ ಊರಿಗೆ ಹೋಗುವ ದಾರಿ ತೆರೆದರೆ, ಅವನ್ನು ಉಪ್ಪಿನಕಾಯಿ ಹಾಕಿ ಆ ನಾಲ್ಕು ಮನೆಗಳಿಗೆ ಒಯ್ಯಬೇಕೆಂದಿದ್ದೇನೆ.