ಡೆಬ್ರಿಸ್ ಚೀಲ: ಹೊಲಿಗೆ ಗಟ್ಟಿ, ಬಿಸಿಲಿಗೆ ಪುಡಿಪುಡಿ

ಇಟ್ಟಿಗೆ ಚೂರಿನ ಭಾರಕ್ಕೆ ಜಗ್ಗದ ಚೀಲ ಬಿಸಿಲಿಗೆ ಪುಡಿಯಾಯಿತು. ಆ ಸಿಟ್ಟಿಗೇ ಬರೆಯುತ್ತಿದ್ದೇನೆ. ಹಾಗಂತ ಚೀಲ ಪೂರ್ತಿ ಕೆಟ್ಟದ್ದೇನಲ್ಲ.

ಮನೆ ಒಡೆದಾಗ ಬೀಳುವ ಚೂರು ತುಂಬಲು ಇರುವ, 50 ಲೀಟರ್ ಹಿಡಿಯುವ, ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ಎಳೆಯಲ್ಲಿ ನೇಯ್ದ ಚೀಲ ಇದು. ಬಾತ್‌ರೂಮ್, ಅಡುಗೆಮನೆ ಎರಡನ್ನೂ ಒಡೆಸುವಾಗ ಒಂದು ಕಟ್ಟು ತಂದಿದ್ದೆ. ಖಾಲಿ ಇದ್ದಾಗಲೂ ತಾನಾಗಿ ಬಾಯಿ ತೆರೆದು ನಿಲ್ಲುತ್ತದೆ. ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಚೀಲದ ಬಾಯಿ ಹಿಡಿದು ಒದ್ದಾಡಿದವರಿಗೆ ಇದು ಎಷ್ಟು ದೊಡ್ಡ ಸುಖ ಅಂತ ಗೊತ್ತು.

ಸಂಜೆ ಕೆಲಸದವರು ಹೋದ ಮೇಲೆ ನನ್ನ ಸರದಿ. ನೆಲಕ್ಕೆ ನೀರು ಚಿಮುಕಿಸಿ ಆಮೇಲೆ ಗುಡಿಸುತ್ತಿದ್ದೆ. ಟೈಲ್ಸ್, ಗಾರೆಯ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಇಟ್ಟಿಗೆ, ಗಾರೆ, ಟೈಲ್ಸ್ ಒಂದು ಚೀಲಕ್ಕೆ, ಚೂಪು ಅಂಚು ಒಳಮುಖವಾಗಿ. ಮೊಳೆ ಕಿತ್ತ ಮರ ಇನ್ನೊಂದಕ್ಕೆ. ಜಿಪ್ಸಂ ಬೋರ್ಡಿಗೆ ಬೇರೆಯದೇ ಚೀಲ. ಅದು ಹಸಿ ಕಸದ ಜೊತೆ ಗಾಳಿಯಾಡದ ಕಡೆ ಹೂತರೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಜಿಪ್ಸಂ ಇಟ್ಟಿಗೆ ಚೂರಿಗೆ ಬೆರೆತರೆ ಆ ಚೂರನ್ನು ಅರೆದು ಜಲ್ಲಿಯಾಗಿ ಬಳಸುವುದೂ ಕಷ್ಟ. ಕೊನೆಗೆ ಹಳೆ ಸ್ಪೀಕರಿನ ಅಯಸ್ಕಾಂತವನ್ನು ನೆಲದ ಮೇಲೆ ಎಳೆಯುವುದು. ಸ್ಕ್ರೂಗಳು ಟಿಕ್ ಟಿಕ್ ಅಂತ ಬಂದು ಅಂಟುವಾಗ ಇಡೀ ದಿನದ ಗಲಾಟೆ ಮರೆತುಹೋಗುತ್ತಿತ್ತು.

ಚೀಲವನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಇಟ್ಟಿಗೆ ಚೂರು ಕಂಠಮಟ್ಟ ತುಂಬಿದರೆ 60 ಕೆಜಿ ಆಸುಪಾಸು. ಹಿಡಿ ತಡೆಯಬಹುದು, ಸೊಂಟ ತಡೆಯಬೇಕಲ್ವಾ?

ಇಷ್ಟರವರೆಗೆ ಎಲ್ಲಾ ಚೆನ್ನಾಗಿತ್ತು. ಆಮೇಲೆ ಲಾರಿ ಬರುವುದು ತಿಂಗಳುಗಟ್ಟಲೆ ತಡವಾಯಿತು. ತುಂಬಿದ ಚೀಲಗಳು ಹೊರಗೇ ನಿಂತವು. ಬಿಸಿಲು ಬಿದ್ದ ಮೈ ಬಿಳಚಿಕೊಂಡಿತು. ಎತ್ತಲು ಹೋದರೆ ಹಿಡಿ ಮಾತ್ರ ಕೈಗೆ ಬಂತು. ಗೋಡೆ ನೆರಳಲ್ಲಿದ್ದವು ಹೊಸದರ ಹಾಗೇ ಇದ್ದವು. ಪಾಲಿಪ್ರೊಪಿಲೀನ್ ಗುಣವೇ ಅದು, ಬಿಸಿಲಿನ ಅತಿನೇರಳೆ (ಯುವಿ) ಕಿರಣ ಅದರ ಉದ್ದನೆಯ ಅಣು ಸರಪಳಿಗಳನ್ನು ತುಂಡು ಮಾಡುತ್ತದೆ. ತಯಾರಿಸುವಾಗಲೇ ಆ ಹಾನಿ ತಡೆಯುವ ಯುವಿ ಸ್ಟೆಬಿಲೈಸರ್ ಅನ್ನುವ ರಾಸಾಯನಿಕ ಬೆರೆಸಿದರೆ ತುಂಬಾ ಕಾಲ ಬಾಳುತ್ತದೆ. ಚೀಟಿಯಲ್ಲಿ ಅದರ ಸುದ್ದಿಯೇ ಇಲ್ಲ. 'ಹೊರಾಂಗಣ ಬಳಕೆಗೆ' ಅಂತ ಮಾತ್ರ ದಪ್ಪಕ್ಷರದಲ್ಲಿದೆ. ಬಿಸಿಲೇ ಬೀಳದ ಹೊರಾಂಗಣ ಯಾವುದಪ್ಪಾ?

ಚೀಲ ಹೋದರೆ ಹೋಗಲಿ. ಸಂಜೆಗಟ್ಟಲೆ ಬೇರ್ಪಡಿಸಿದ ಇಟ್ಟಿಗೆ ರಾಶಿ ತುಂಬಾ ಈಗ ಪ್ಲಾಸ್ಟಿಕ್ ಎಳೆಗಳು. ಆರಿಸಲು ಹೋದರೆ ಬೆರಳಲ್ಲೇ ಮುರಿದು ಇನ್ನೂ ಸಣ್ಣಗಾಗುತ್ತವೆ. ಕಸ ವಿಂಗಡಿಸಲು ತಂದ ವಸ್ತುವೇ ಕಸದೊಳಗೆ ಸೇರಿಕೊಂಡಿತು.

ವಾರದೊಳಗೆ ಲಾರಿ ಬರುವ ಖಾತ್ರಿ ಇದ್ದರೆ ಧಾರಾಳವಾಗಿ ತಗೊಳ್ಳಿ, ದುಬಾರಿ ಚೀಲಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ನನ್ನ ಹಾಗೆ ಕೈಯಲ್ಲಿ ಕಾಸು ಆಡಿದಾಗ ಒಂದೊಂದೇ ಕೋಣೆ ಒಡೆಸುವವರಾದರೆ ಯುವಿ ತಡೆಯುವ ಚೀಲವೇ ಬೇಕು. ಉಳಿದವನ್ನು ನಾನು ಮನೆಯೊಳಗೆ ಹಳೆ ಪೇಪರು, ತಗಡು ತುಂಬಲು ಇಟ್ಟುಕೊಂಡಿದ್ದೇನೆ. ಐದಕ್ಕೆ ಮೂರು ಸ್ಟಾರ್. ಎಷ್ಟು ಗಂಟೆ ಬಿಸಿಲು ತಡೆಯುತ್ತದೆ ಅಂತ ಚೀಟಿಯಲ್ಲಿ ಹಾಕಿದ ದಿನ ನಾಲ್ಕು ಮಾಡುತ್ತೇನೆ.