ರುಮಟಾಯ್ಡ್ ಕೈಗೆ ವ್ಯಾಯಾಮದ ಪುಟ್ಟಿ, ಬ್ಯಾಂಡ್: ವರ್ಷಗಳ ಬಳಕೆಯ ನಂತರ

ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಒಂದು ಬಗೆಯ ಸಂಧಿವಾತ) ಇರುವವರು ಮೊದಲು ಕೇಳುವುದು ಇದನ್ನೇ: ಪುಟ್ಟಿ, ಬ್ಯಾಂಡ್ ಹಿಡಿದು ವ್ಯಾಯಾಮ ಮಾಡಿದರೆ ನೋವು ಹೋಗುತ್ತಾ? ಇಲ್ಲ. ನೋವಿಗೆ, ಊತಕ್ಕೆ ಡಾಕ್ಟರ್ ಕೊಟ್ಟ ಔಷಧಿಯೇ ಬೇಕು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ನಾನು ಈಗಲೂ ತೆಗೆದುಕೊಳ್ಳುತ್ತೇನೆ. ಆದರೆ ಕೈಗೆ ಬಲ ಬರುತ್ತದೆ. ಅದಕ್ಕಾಗಿಯೇ ಇಷ್ಟು ವರ್ಷ ಇದನ್ನು ಬಿಟ್ಟಿಲ್ಲ.

ಪುಟ್ಟಿ ಅಂದರೆ ಡಬ್ಬಿಯಲ್ಲಿ ಬರುವ ಮೆತ್ತನೆಯ ಮುದ್ದೆ. ಬಣ್ಣ ಬದಲಾದಂತೆ ಗಟ್ಟಿತನವೂ ಬದಲಾಗುತ್ತದೆ. ಅದನ್ನು ಅಂಗೈಯಲ್ಲಿ ಅದುಮಬೇಕು, ಬೆರಳ ತುದಿಯಲ್ಲಿ ಚಿವುಟಬೇಕು. ರಬ್ಬರ್ ಬ್ಯಾಂಡ್ ಇರುವುದು ಮಣಿಕಟ್ಟಿನ ವ್ಯಾಯಾಮಕ್ಕೆ. ಇವೆರಡಕ್ಕಿಂತ ನನಗೆ ಇಷ್ಟವಾದದ್ದು ದುಡ್ಡೇ ಬೇಡದ ಒಂದು ವ್ಯಾಯಾಮ. ಅಂಗೈಯನ್ನು ಟೇಬಲ್ ಮೇಲೆ ಚಪ್ಪಟೆಯಾಗಿಟ್ಟು, ತೋರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಹೆಬ್ಬೆರಳಿನ ಕಡೆಗೆ ಸರಿಸುವುದು. ಈ ಕಾಯಿಲೆಯಲ್ಲಿ ಬೆರಳುಗಳು ಕಿರುಬೆರಳಿನ ಕಡೆಗೆ ವಾಲುತ್ತವೆ ಅಲ್ವಾ, ಇದು ಅದರ ಎದುರು ದಿಕ್ಕು. ಉಂಗುರಬೆರಳು ಸರಿಯುವುದು ಕಷ್ಟ. ಅದಕ್ಕೆ ಇನ್ನೊಂದು ಕೈಯಿಂದ ಸ್ವಲ್ಪ ಆಸರೆ ಕೊಡುತ್ತೇನೆ.

ಬ್ರಿಟನ್ನಿನಲ್ಲಿ 490 ರುಮಟಾಯ್ಡ್ ರೋಗಿಗಳನ್ನು ಸೇರಿಸಿಕೊಂಡು ‘ಸಾರಾ’ ಅನ್ನುವ ಅಧ್ಯಯನ ನಡೆದಿತ್ತು. 2015ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಲ್ಲೂ ಇಂಥವೇ ವ್ಯಾಯಾಮಗಳು. ಒಂದು ವರ್ಷದ ನಂತರ ನೋಡಿದಾಗ, ಮಾಮೂಲಿ ಚಿಕಿತ್ಸೆ ಮಾತ್ರ ಪಡೆದ ಗುಂಪಿಗಿಂತ, ವ್ಯಾಯಾಮವನ್ನೂ ಮಾಡಿದವರ ಕೈ ಕೆಲಸ ಜಾಸ್ತಿ ಸುಧಾರಿಸಿತ್ತು. ನೋವಿನಲ್ಲಿ ಮಾತ್ರ ಎರಡು ಗುಂಪಿಗೂ ಅಂಥ ವ್ಯತ್ಯಾಸ ಇರಲಿಲ್ಲ. ನನ್ನದೂ ಅದೇ ಅನುಭವ. ಬೆಳಗಿನ ಬಿಗಿತ ಇದ್ದೇ ಇದೆ. ಆದರೆ ಕುಕ್ಕರ್ ಮುಚ್ಚಳ ತೆಗೆಯಲು, ಚಪಾತಿ ಹಿಟ್ಟು ನಾದಲು ಈಗ ಯಾರನ್ನೂ ಕರೆಯುವುದಿಲ್ಲ. ಒದ್ದೆ ಬೆಡ್‌ಶೀಟ್ ಹಿಂಡುವುದು ಇವತ್ತಿಗೂ ಆಗುವುದಿಲ್ಲ.

‘ಕೈಗೆ ರೆಸ್ಟ್ ಕೊಡಮ್ಮ, ಕೀಲು ಸವೆದು ಹೋಗುತ್ತೆ’ ಅನ್ನುವವರು ಮನೆಯಲ್ಲೇ ಇದ್ದಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಸುಮ್ನೆ ಇಟ್ಟ ಕೈಯ ಸ್ನಾಯು ಸೊರಗುತ್ತದೆ, ಕೀಲಿಗೆ ಆಸರೆ ತಪ್ಪುತ್ತದೆ. ಊತ ಬಂದು ಕೀಲು ಬಿಸಿಯಾಗಿರುವ ದಿನ ನಾನೂ ಪುಟ್ಟಿ ಮುಟ್ಟುವುದಿಲ್ಲ. ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಡಿಸುತ್ತೇನೆ, ಅಷ್ಟೇ. ವ್ಯಾಯಾಮದ ನೋವು ಮರುದಿನವೂ ಉಳಿದರೆ ಅಷ್ಟು ಮಾಡಿದ್ದು ಜಾಸ್ತಿಯಾಯಿತು ಅಂತಲೇ ಲೆಕ್ಕ.

ವಸ್ತುವಿನ ಬಗ್ಗೆ ದೂರು ಇದೆ. ಪುಟ್ಟಿ ಡಬ್ಬಿಯ ಮುಚ್ಚಳ ಬಹಳ ಬಿಗಿ. ಕೈಯಲ್ಲಿ ಬಲವಿಲ್ಲದವರಿಗೆಂದೇ ಮಾಡಿದ ವಸ್ತು ಹೀಗಿರಬಾರದು. ನಾನು ಪೂರ್ತಿ ತಿರುಗಿಸಿ ಮುಚ್ಚದೆ ಹಾಗೇ ಮೇಲಿಡುತ್ತೇನೆ. ಮುದ್ದೆ ಸೀರೆಗೆ ಅಂಟಿದರೆ ಬಿಡಿಸುವುದು ದೊಡ್ಡ ಕೆಲಸ. ಆನ್‌ಲೈನ್‌ನಲ್ಲಿ ತರಿಸಿದ ಒಂದು ಅಗ್ಗದ ಬ್ಯಾಂಡ್ ಬೇಸಿಗೆಗೆ ಅಂಟಂಟಾಗಿ ಅಂಚಿನಲ್ಲಿ ಬಿರುಕು ಬಿಟ್ಟಿತು. ಈಗಿನದನ್ನು ಬಿಸಿಲು ಬೀಳದ ಕಡೆ, ಟಾಲ್ಕಂ ಪೌಡರ್ ಸವರಿ ಇಡುತ್ತೇನೆ.

5ಕ್ಕೆ 4 ಕೊಡುತ್ತೇನೆ. ಕೊಳ್ಳುವ ಮುಂಚೆ ಒಮ್ಮೆ ಫಿಸಿಯೋಥೆರಪಿಸ್ಟ್‌ಗೆ ಕೈ ತೋರಿಸಿ, ಪುಟ್ಟಿಯ ಬಣ್ಣವನ್ನು ಅವರೇ ಆರಿಸಲಿ. ರಬ್ಬರ್ ಅಲರ್ಜಿ ಇದ್ದರೆ ಲೇಟೆಕ್ಸ್ (ನೈಸರ್ಗಿಕ ರಬ್ಬರ್) ಇಲ್ಲದ ಬ್ಯಾಂಡ್ ಕೇಳಿ, ಸಿಗುತ್ತದೆ.